ಅಥ ಮಾಡ್ಯೂಲ್‌ಪಥ ಮೀಮಾಂಸೆ
(ಭಾಗಮಂಡಲ ಸಂಪ್ರದಾಯಾನುಸಾರಿ)

ವಿಷಯ: ಭಾಗಮಂಡಲದಲ್ಲಿ ಒಂದು ಹೋಂಸ್ಟೇ, ತುಲಾ ಸಂಕ್ರಮಣದ ತೀರ್ಥೋದ್ಭವಕ್ಕೆ ಬರುವವರಿಗಾಗಿ ಅದಕ್ಕೊಂದು ರೂಮ್ ಬುಕಿಂಗ್ ಸ್ಕ್ರಿಪ್ಟ್, 1987ರಲ್ಲಿ ಲ್ಯಾರಿ ವಾಲ್ ಹೊರತಂದ ಪರ್ಲ್ ಅದರ ಭಾಷೆ, ಶೇರ್ಡ್ ಹೋಸ್ಟಿಂಗ್ ಅದರ ವಾಸ ಎಂದು ಕಲ್ಪಿಸತಕ್ಕದ್ದು. ಅಲ್ಲಿ ಬಾಡಿಗೆದಾರನಿಗೆ ರೂಟ್ ಅಧಿಕಾರವಿಲ್ಲ. ಆದಕಾರಣ ಮಾಡ್ಯೂಲನ್ನು ಅವನು ತನ್ನ ಹೋಮ್ ಡೈರೆಕ್ಟರಿಯಲ್ಲೇ ಇಟ್ಟಿದ್ದಾನೆ.

ಸಂಶಯ: ಟರ್ಮಿನಲ್‌ನಲ್ಲಿ ಸರಾಗವಾಗಿ ಓಡುವ ಸ್ಕ್ರಿಪ್ಟ್ ಬ್ರೌಸರ್‌ನಲ್ಲಿ 500 ಎನ್ನುತ್ತದೆ. ಪರ್ಲ್ ಹುಡುಕುವ ದಾರಿಗಳ ‘ಇಂಕ್’ ಪಟ್ಟಿಯಲ್ಲಿ ಎಲ್ಲೂ ಮಾಡ್ಯೂಲ್ ಸಿಗಲಿಲ್ಲವೆಂದು ಎರರ್ ಲಾಗ್‌ನ ದೂರು. ಫೈಲಾದರೋ ಇಟ್ಟಲ್ಲೇ ಇದೆ. ಹಾಗಾದರೆ ಅದು ಇದೆಯೋ, ಇಲ್ಲವೋ?

ಪೂರ್ವಪಕ್ಷ: ಇಲ್ಲಿ ಮೂರು ಮತಗಳು. ಸ್ಕ್ರಿಪ್ಟಿನ ಪಕ್ಕದಲ್ಲೇ ಫೈಲ್ ಇಟ್ಟರೆ ಸಾಕೆಂಬವರು ಸಾಮೀಪ್ಯವಾದಿಗಳು. ಚಾಲ್ತಿ ಡೈರೆಕ್ಟರಿಯ ಚುಕ್ಕೆಯನ್ನು ಸುರಕ್ಷತೆಯ ದೃಷ್ಟಿಯಿಂದ 2017ರ 5.26 ಆವೃತ್ತಿ ಪಟ್ಟಿಯಿಂದ ತೆಗೆದುಹಾಕಿದ್ದರಿಂದ ಈ ಮತ ನಿರಸ್ತ. ಸಕಲ ವ್ಯಾಧಿಗೂ ಪರ್ಮಿಶನ್ 777 ಎಂಬವರು ಎರಡನೆಯವರು. ಇವರಿಗೆ ಉತ್ತರಿಸುವುದು ಶಾಸ್ತ್ರಸಮ್ಮತವಲ್ಲ. ಲಾಗಿನ್ ಶೆಲ್‌ನಲ್ಲಿ ‘ಪರ್ಲ್5ಲಿಬ್’ ಎಂಬ ಚರಾಂಶಕ್ಕೆ ದಾರಿ ತುಂಬಿ ನಿಶ್ಚಿಂತರಾದವರು ಮೂರನೆಯವರು.

ಸಿದ್ಧಾಂತ: ಭಾಗಮಂಡಲದ ಸಂಗಮದಲ್ಲಿ ಕಾವೇರಿ, ಕನ್ನಿಕೆಗಳ ಜತೆ ಸುಜ್ಯೋತಿಯೂ ಇದ್ದಾಳೆ, ಆದರೆ ಗುಪ್ತಗಾಮಿನಿ. ಭಕ್ತರು ಕಾಣದಿದ್ದರೂ ನಂಬಿ ಮುಳುಗುತ್ತಾರೆ. ‘ಪರ್ಲ್5ಲಿಬ್’ ಕೂಡ ಗುಪ್ತಗಾಮಿನಿಯೇ. ವೆಬ್ ಸರ್ವರಾದರೋ ಶುದ್ಧ ಚಾರ್ವಾಕ. ನಿಮ್ಮ ಲಾಗಿನ್ ಕಡತಗಳನ್ನು ಅದು ಓದುವುದೇ ಇಲ್ಲ. ಆದ್ದರಿಂದ ಸ್ಕ್ರಿಪ್ಟಿನ ಆರಂಭದಲ್ಲೇ ‘ಯೂಸ್ ಲಿಬ್’ ಬರೆದು ಪೂರ್ಣ ದಾರಿಯನ್ನು ಪ್ರತ್ಯಕ್ಷವಾಗಿ ತೋರಿಸತಕ್ಕದ್ದು. ಟಿಲ್ಡ ಚಿಹ್ನೆ ನಿಷಿದ್ಧ: ಅದನ್ನು ಬಿಡಿಸುವುದು ಶೆಲ್, ಪರ್ಲ್ ಅಲ್ಲ. ಕ್ರಮವೂ ಮುಖ್ಯ. ಮೊದಲು ಸಂಗಮಸ್ನಾನ, ಆಮೇಲೆ ಭಗಂಡೇಶ್ವರ ದರ್ಶನ, ಅನಂತರ ತಲಕಾವೇರಿ. ಹಾಗೆಯೇ ಮೊದಲು ‘ಯೂಸ್ ಲಿಬ್’, ಆಮೇಲೆ ಮಾಡ್ಯೂಲ್. ಈ ಆಜ್ಞೆ ಕಂಪೈಲ್ ವೇಳೆಯಲ್ಲೇ ನಿಮ್ಮ ದಾರಿಯನ್ನು ಪಟ್ಟಿಯ ತಲೆಗೆ ಏರಿಸುತ್ತದೆ. ಪರ್ಲ್ ಮೊದಲು ಸಿಕ್ಕಿದ್ದನ್ನೇ ಎತ್ತಿಕೊಳ್ಳುತ್ತದೆ. ಮುಂದೆ ಇನ್ನೂ ಹೊಸ ಆವೃತ್ತಿ ಇದೆಯೇ ಎಂದು ತಿರುಗಿಯೂ ನೋಡದು. ಪದೇ ಪದೇ ಹೋಸ್ಟ್ ಬದಲಿಸುವ ಪರಿವ್ರಾಜಕರಿಗೆ ‘ಫೈಂಡ್‌ಬಿನ್’ ವಿಹಿತ: ಸ್ಕ್ರಿಪ್ಟ್ ಎಲ್ಲಿದೆಯೋ ಅಲ್ಲಿಂದಲೇ ಅದು ದಾರಿ ಲೆಕ್ಕ ಹಾಕುತ್ತದೆ. ಮಾಡ್ಯೂಲ್ ಫೋಲ್ಡರು ಮಾತ್ರ ‘ಪಬ್ಲಿಕ್ ಎಚ್‌ಟಿಎಂಎಲ್’ನ ಹೊರಗಿರಲಿ, ಪಾಸ್‌ವರ್ಡ್ ಬರೆದಿಟ್ಟ ಫೈಲಿನ ದರ್ಶನ ಸರ್ವಜನರಿಗೆ ಬೇಡ.

ಫಲಶ್ರುತಿ: ಇದನ್ನು ಶ್ರದ್ಧೆಯಿಂದ ಓದಿದವನಿಗೆ ಮಾಡ್ಯೂಲ್ ಸಿಗುತ್ತದೆ. ಮರುಕ್ಷಣವೇ ಆ ಮಾಡ್ಯೂಲ್ ತನಗೆ ಬೇಕಾದ ಇನ್ನೊಂದು ಮಾಡ್ಯೂಲ್ ಎಲ್ಲಿ ಎಂದು ಕೇಳುತ್ತದೆ. ಅದಕ್ಕೆ ಬೇರೆ ಗ್ರಂಥ ಬೇಡ. ಇದನ್ನೇ ಮತ್ತೊಮ್ಮೆ ಪಾರಾಯಣ ಮಾಡತಕ್ಕದ್ದು.