ದಾನಿಗಳ ದಯೆಯಿಂದ

ಬಡ ದೇಶಗಳಿಗೂ ವಿಜ್ಞಾನದ ಸುದ್ದಿ ತಲುಪಬೇಕಂತೆ. ಲಾಭದ ಆಸೆಯಿಲ್ಲದ ಪತ್ರಿಕೋದ್ಯಮ ಅದನ್ನು ತಲುಪಿಸುತ್ತದಂತೆ. ಎಲ್ಲಿಂದ? ಬ್ರಿಟನ್ನಿನಿಂದ.

2001ರ ಡಿಸೆಂಬರಿನಲ್ಲಿ ಸೈಡೆವ್‌.ನೆಟ್ ಎಂಬ ವಿಜ್ಞಾನ ಸುದ್ದಿತಾಣ ಶುರುವಾಯಿತು. ಕಟ್ಟಿದವರು ಡೇವಿಡ್ ಡಿಕ್ಸನ್, 'ನೇಚರ್' ವಿಜ್ಞಾನ ಪತ್ರಿಕೆಯಲ್ಲಿ ಪಳಗಿದ ಪತ್ರಕರ್ತ. ಅವರ ಆಶಯದ ಬಗ್ಗೆ ತಕರಾರಿಲ್ಲ. ಬೆನ್ನಿಗೆ ನಿಂತವರಲ್ಲಿ 'ನೇಚರ್' ಕೂಡ ಇತ್ತು. ಅದೇ 'ನೇಚರ್', ಸಂಶೋಧನಾ ಪ್ರಬಂಧವನ್ನು ಎಲ್ಲರೂ ಪುಕ್ಕಟೆ ಓದುವಂತೆ ಪ್ರಕಟಿಸಲು 2021ರಲ್ಲಿ ಇಟ್ಟ ದರ 9,500 ಯೂರೋ. ಗರ್ಭಗುಡಿಗೆ ಬೀಗ, ಹೊರಗೆ ಪ್ರಸಾದ ವಿನಿಯೋಗ.

ಸೈಡೆವ್‌.ನೆಟ್‌ನ ಆವೃತ್ತಿಗಳು ಇಂಗ್ಲಿಷ್, ಫ್ರೆಂಚ್, ಸ್ಪ್ಯಾನಿಷ್, ಅರೇಬಿಕ್‌ನಲ್ಲಿ. ಮೊದಲ ಮೂರು ಆಳಿ ಹೋದವರ ಭಾಷೆಗಳು. ಆಳಿಸಿಕೊಂಡವರು ಕಲಿತುಕೊಂಡು ಬರಲಿ.

ಇನ್ನು ಇಂಥ ಸುದ್ದಿಮನೆಗಳನ್ನು ನಡೆಸುವ ದುಡ್ಡು, ಅಂದರೆ ಸರ್ಕಾರಗಳ ನೆರವು. ರಾಷ್ಟ್ರೀಯ ಆದಾಯದ ಶೇ 0.7ರಷ್ಟನ್ನು ಬಡ ದೇಶಗಳಿಗೆ ನೆರವಾಗಿ ಕೊಡುತ್ತೇವೆಂದು ಬ್ರಿಟನ್ 2015ರಲ್ಲಿ ಕಾನೂನನ್ನೇ ಮಾಡಿತು. 2021ರಲ್ಲಿ 0.5ಕ್ಕೆ ಇಳಿಸಿತು. 2027ಕ್ಕೆ 0.3 ಎಂದೂ ಸಾರಿಯಾಯಿತು. ಉಳಿಸಿದ ಹಣ ಸೇನೆಗೆ. ಅಮೆರಿಕ ಇನ್ನೂ ಚುರುಕು, 2025ರಲ್ಲಿ ತನ್ನ ನೆರವು ಸಂಸ್ಥೆ ಯುಎಸ್‌ಏಡ್‌ನ ಬಾಗಿಲನ್ನೇ ಹಾಕಿತು. ಬಡವರಿಗೆ ಸ್ವಾವಲಂಬನೆಯ ಪಾಠ ಹೇಳುತ್ತಿದ್ದ ಎಷ್ಟೋ ಸುದ್ದಿಮನೆಗಳು ಈಗ ಬಾಡಿಗೆ ಕಟ್ಟಲು ಪರದಾಡುತ್ತಿವೆ.

ಸರ್ಕಾರ ಬೇಡವೆಂದರೆ ಕುಬೇರರಿದ್ದಾರೆ. ಗೇಟ್ಸ್ ಪ್ರತಿಷ್ಠಾನ ಆಫ್ರಿಕಾದ ಬೀಜ, ಗೊಬ್ಬರಕ್ಕೆ ಹಣ ಕೊಡುತ್ತದೆ. ಲಸಿಕೆಗೂ ಕೊಡುತ್ತದೆ. ಬ್ರಿಟನ್ನಿನ 'ಗಾರ್ಡಿಯನ್' ಪತ್ರಿಕೆ 2010ರಲ್ಲಿ ತೆರೆದ ಜಾಗತಿಕ ಅಭಿವೃದ್ಧಿ ವಿಭಾಗಕ್ಕೂ ಕೊಟ್ಟಿತು. ಪುಟದಲ್ಲಿ ದಾನಿಯ ಹೆಸರು, ಜೊತೆಗೇ 'ಸಂಪಾದಕೀಯ ಸ್ವಾತಂತ್ರ್ಯ ನಮ್ಮದೇ' ಎಂಬ ಪ್ರಮಾಣವಚನ. ಗೇಟ್ಸ್ ಫೋನ್ ಮಾಡಿ ಸಾಲು ತಿದ್ದಿಸುತ್ತಾರೆಂದು ನಾನು ಹೇಳುತ್ತಿಲ್ಲ. ಆ ತೊಂದರೆ ಅವರಿಗೇಕೆ? ಯಾವ ವಿಷಯಕ್ಕೆ ಅನುದಾನ ಸಿಗುತ್ತದೆಂದು ಅರ್ಜಿ ಬರೆಯುವವನಿಗೆ ಮೊದಲೇ ಗೊತ್ತಿರುತ್ತದೆ.

ಇಂಥ ಅನುದಾನದ ಲೇಖನಗಳ ಫೋಟೊ ನೋಡಿ. ಬಿರುಕುಬಿಟ್ಟ ನೆಲ, ಕೊಡ ಹೊತ್ತ ಹೆಂಗಸು. ಅಡಿಯಲ್ಲಿ ಛಾಯಾಗ್ರಾಹಕನ ಹೆಸರಿದೆ, ಸಂಸ್ಥೆಯ ಹೆಸರಿದೆ. ಆಕೆ ಬರೀ 'ರೈತ ಮಹಿಳೆ'. ಅಭಿಪ್ರಾಯ ಹೇಳುವವರು ಜಿನೀವಾದ ತಜ್ಞರು. ಕೊಡ ಹೊತ್ತವಳಿಗೆ ನೀರಿನ ಬಗ್ಗೆ ಏನು ಗೊತ್ತು, ಪಾಪ!

ಹೊರಗಿನವರನ್ನು ಬೈದದ್ದಾಯಿತು. ನಮ್ಮ ಯೋಗ್ಯತೆ?

ಮಂಗನ ಕಾಯಿಲೆ ಪತ್ತೆಯಾದದ್ದು 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಊರಿನ ಹೆಸರನ್ನು ಜಗತ್ತಿನ ವೈದ್ಯಕೀಯ ಪುಸ್ತಕಗಳೆಲ್ಲ ಬರೆದುಕೊಂಡವು. ಮಲೆನಾಡಿನವರಿಗೆ ದಶಕಗಳ ಕಾಲ ಚುಚ್ಚಿದ ಲಸಿಕೆಯನ್ನು, ಸರಿಯಾಗಿ ಕೆಲಸ ಮಾಡುತ್ತಿಲ್ಲವೆಂದು ಕೊನೆಗೆ ನಿಲ್ಲಿಸಿದರು. ಹಾಗಾದರೆ ಇಷ್ಟು ವರ್ಷ ಚುಚ್ಚಿದ್ದೇಕೆ? ಬೆನ್ನು ಹತ್ತಿ ಕೇಳಬೇಕಾದ ವರದಿಗಾರ ತಾಲ್ಲೂಕಿನಲ್ಲಿ ರಾಜಕೀಯ, ಅಪಘಾತ, ಜಾತ್ರೆ ಎಲ್ಲವನ್ನೂ ಒಬ್ಬನೇ ಬರೆಯುತ್ತಾನೆ. ಈ ಕಾಯಿಲೆ ಹರಡುವ ಉಣುಗು ಕಚ್ಚಿ ಯಾರಾದರೂ ಸತ್ತರೆ ಒಂದು ಕಾಲಂ ಸುದ್ದಿ. ರಾಶಿಭವಿಷ್ಯಕ್ಕೆ ಮಾತ್ರ ಯಾರೂ ಸಾಯಬೇಕಿಲ್ಲ, ದಿನವೂ ಜಾಗ ಖಾಯಂ.

ಸೈಡೆವ್‌.ನೆಟ್‌ನ ಲೇಖನಗಳನ್ನು ಯಾರು ಬೇಕಾದರೂ ಪುಕ್ಕಟೆಯಾಗಿ ಮರುಪ್ರಕಟಿಸಬಹುದು. ಅವನ್ನು ಕನ್ನಡಕ್ಕೆ ತರಲು ಒಬ್ಬರಿಗೆ ಸಂಬಳ ಕೊಡಬೇಕು, ಅಷ್ಟೆ. ಪತ್ರಿಕೆಗಳ ಮಾಲೀಕರೇ, ಮೊದಲು ಆ ಒಬ್ಬರನ್ನು ನೇಮಿಸಿ. ಬ್ರಿಟನ್ನಿನವರ ವಿಚಾರಣೆ ಆಮೇಲೆ ಮಾಡೋಣ.