ಎತ್ರೀ ಆ ಮುಳ್ಳು!
ಫೋನಿನಲ್ಲಿ ಕೋಟಿಗಟ್ಟಲೆ ಹಾಡುಗಳಿವೆ. ಒಂದನ್ನೂ ಪೂರ್ತಿ ಕೇಳುವ ತಾಳ್ಮೆ ನನಗಿಲ್ಲ. ಅಜ್ಜನ ಹತ್ತಿರ ಇದ್ದದ್ದು ಹನ್ನೊಂದೇ ಗ್ರಾಮಫೋನ್ ತಟ್ಟೆ. ಅರಗಿನವು, ಕೈಜಾರಿದರೆ ಚೂರು. ನಿಮಿಷಕ್ಕೆ 78 ಸುತ್ತು, ಒಂದು ಮಗ್ಗುಲಿಗೆ ಮೂರು ಚಿಲ್ಲರೆ ನಿಮಿಷ. ಗಂಗೂಬಾಯಿ ಹಾನಗಲ್ಲರಂಥವರೂ ಅಷ್ಟರೊಳಗೇ ರಾಗ ಮುಗಿಸಬೇಕಿತ್ತು. ನಮ್ಮ ಭಾಷಣಕಾರರನ್ನೂ ಹಾಗೊಮ್ಮೆ ತಟ್ಟೆಗೆ ಕೂರಿಸಬೇಕು! ಗೀರು ಬಿದ್ದಲ್ಲಿ ಹಾಡು ಅದೇ ಸಾಲಿಗೆ ಮರಳಿ ಮರಳಿ ಬರುತ್ತಿತ್ತು; ಅಡುಗೆಮನೆಯಿಂದ ಅಜ್ಜಿ, “ಎತ್ರೀ ಆ ಮುಳ್ಳು!” ಎನ್ನುತ್ತಿದ್ದಳು.

ಮೊನ್ನೆ ಮಗಳು ವಿನೈಲ್‌ನ ಎಲ್‌ಪಿ ತಟ್ಟೆ ತಂದಳು. ಪ್ಲೇಯರ್ ಇಲ್ಲ, ಗೋಡೆಗೆ ತೂಗುಹಾಕಿದ್ದಾಳೆ. ಹಾಡನ್ನು ಫೋನಿನಲ್ಲೇ ಕೇಳುತ್ತಾಳೆ. ನಗಬೇಡಿ: 2022ರಲ್ಲಿ ಅಮೆರಿಕದಲ್ಲಿ ಸಿಡಿಗಳಿಗಿಂತ ವಿನೈಲ್ ತಟ್ಟೆಗಳೇ ಹೆಚ್ಚು ಮಾರಾಟವಾದವು, 1987ರ ನಂತರ ಮೊದಲ ಸಲ.