ಅಣ್ಣನ ಮೀಡಿಯಾ

ಶೇಂಗಾ ಎಣ್ಣೆಯ ಮಿಲ್ಲುಗಳಿಂದ ಹೆಸರಾದ ಚಳ್ಳಕೆರೆಯಲ್ಲಿ ಹುಟ್ಟಿ, ಬೆಣ್ಣೆದೋಸೆಗೆ ಹೆಸರಾದ ದಾವಣಗೆರೆಯ ವಿಶ್ವವಿದ್ಯಾಲಯಕ್ಕೆ ಸೇರಿದ ಹುಡುಗ ಕೊನೆಗೆ ಬೆಣ್ಣೆ ಹಚ್ಚುವ ಕೆಲಸಕ್ಕೇ ಬಿದ್ದರೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ. ಓದುವುದು ಚಿತ್ರದುರ್ಗದ ಹತ್ತಿರ ಜಿ.ಆರ್. ಹಳ್ಳಿಯ ಸ್ನಾತಕೋತ್ತರ ಕೇಂದ್ರದಲ್ಲಿ, ಎಂ.ಎ. ಎರಡನೇ ವರ್ಷ. ದುಡಿಯುವುದು ಒಬ್ಬ ಮುಖಂಡರ ಹತ್ತಿರ, ಪಾರ್ಟ್ ಟೈಂ. ಹಾಗಂತ ಅವನು ಹೇಳಿಕೊಳ್ಳುತ್ತಾನೆ. ಯಾವುದು ಪಾರ್ಟ್ ಟೈಂ, ಯಾವುದು ಫುಲ್ ಟೈಂ ಎಂಬುದು ಕಾಲೇಜಿನ ಹಾಜರಿ ಪುಸ್ತಕ ನೋಡಿದವರಿಗೆ ಗೊತ್ತು.

ಮುಖಂಡರನ್ನು ಎಲ್ಲರೂ ಕರೆಯುವುದು 'ಅಣ್ಣ' ಎಂದು. ಅಣ್ಣನಿಗೆ ಸದ್ಯಕ್ಕೆ ಯಾವ ಹುದ್ದೆಯೂ ಇಲ್ಲ. ಆದರೆ ಹುದ್ದೆ ಇಲ್ಲದವರ ಹೆಸರಿನ ಹಿಂದೆ ಹಾಕಲು ನಮ್ಮ ಭಾಷೆಯಲ್ಲಿ ಪದಗಳಿಗೆ ಬರವೇ? ಸಮಾಜ ಸೇವಕರು, ಕೊಡುಗೈ ದಾನಿ, ಬಡವರ ಬಂಧು, ಯುವ ಮುಖಂಡರು. ಯುವ ಮುಖಂಡರಿಗೆ ಐವತ್ತೆರಡು ವರ್ಷ. ಮೊನ್ನೆ ಮೊಮ್ಮಗನ ನಾಮಕರಣವಾಯಿತು. ಅದರ ಫೋಟೋಗಳನ್ನು ಫೇಸ್‌ಬುಕ್ಕಿಗೆ ಹಾಕಿದ್ದೂ ಇವನೇ, 'ಯುವಕರ ಕಣ್ಮಣಿ' ಎಂಬ ಒಕ್ಕಣೆಯೊಂದಿಗೆ.

ಇವನ ಮುಖ್ಯ ಕಸುಬು ಪತ್ರಿಕಾ ಪ್ರಕಟಣೆ. ಸಭೆ ಹನ್ನೊಂದಕ್ಕೆ ಇದ್ದರೆ ವರದಿ ಒಂಬತ್ತಕ್ಕೇ ಸಿದ್ಧ. ಮೊದಲ ಪ್ಯಾರಾದಲ್ಲಿ ಅಣ್ಣ ಹೇಳುತ್ತಾರೆ, ಎರಡನೆಯದರಲ್ಲಿ ಅಭಿಪ್ರಾಯಪಡುತ್ತಾರೆ, ಮೂರನೆಯದರಲ್ಲಿ ವಿಷಾದಿಸುತ್ತಾರೆ, ಕೊನೆಯದರಲ್ಲಿ ಕರೆ ನೀಡುತ್ತಾರೆ. ಒಮ್ಮೆ ಅಣ್ಣ ಸಭೆಗೆ ಹೋಗಲೇ ಇಲ್ಲ. ಮಾರನೆಯ ದಿನ ಕರೆ ಮಾತ್ರ ನೀಡಿಯಾಗಿತ್ತು. ಬೆಳಗಿನ ಕಾಫಿಯ ಜೊತೆ ಪೇಪರ್ ಓದಿದ ಅಣ್ಣ ಫೋನ್ ಮಾಡಿದರು: "ಏ ಮೀಡಿಯಾ, ನಾನು ಹಿಂಗಂದ್ನೇನೋ? ಚೆನ್ನಾಗೈತೆ ಬಿಡು."

ಪತ್ರಿಕೆಯವರಿಗೆ ನುಡಿಯಲ್ಲಿ ಕಳಿಸಬೇಕು, ವಾಟ್ಸ್‌ಆ್ಯಪ್‌ಗೆ ಯೂನಿಕೋಡ್ ಬೇಕು. ಅದರಿಂದ ಇದಕ್ಕೆ ಬದಲಾಯಿಸುವಾಗ ಅರ್ಕಾವತ್ತುಗಳು ಊರು ಬಿಟ್ಟು ಹೋಗುತ್ತವೆ. ಅವನ್ನು ಹುಡುಕಿ ತಂದು ಕೂರಿಸುವುದರಲ್ಲಿ ಎರಡನೇ ಪೀರಿಯಡ್ ಮುಗಿದಿರುತ್ತದೆ. ಮೂರನೆಯದರಲ್ಲಿ ಜೇಬು ಗುರ್ರೆನ್ನುತ್ತದೆ: ಯಾರೋ ಹೋಗಿಬಿಟ್ಟರಂತೆ, ಸಂತಾಪ ಹಾಕು. 'ಭಾವಪೂರ್ಣ ಶ್ರದ್ಧಾಂಜಲಿ'ಯ ನಮೂನೆ ಮೊಬೈಲಿನಲ್ಲಿ ಯಾವಾಗಲೂ ತಯಾರು, ಫೋಟೋದ ಜಾಗ ಖಾಲಿ. ಹೀಗೊಮ್ಮೆ ಆಸ್ಪತ್ರೆಯಲ್ಲಿ ಇನ್ನೂ ಉಸಿರಾಡುತ್ತಿದ್ದ ಹಿರಿಯರೊಬ್ಬರಿಗೆ ಶ್ರದ್ಧಾಂಜಲಿ ಹೋಗಿಬಿಟ್ಟಿತು. ಆ ಯಜಮಾನರು ವಾರದೊಳಗೆ ಎದ್ದು ಸಂತೆಗೆ ಬಂದರು. ಹುಡುಗ ನಡುಗುತ್ತಾ ಅಣ್ಣನ ಎದುರು ನಿಂತ. ಅಣ್ಣ ಬೈಯಲಿಲ್ಲ. "ಡಿಲೀಟ್ ಮಾಡ್ಬೇಡ, ಇಟ್ಕೊಂಡಿರು. ಇವತ್ತಲ್ಲ ನಾಳೆ ಬೇಕಾಗ್ತದೆ" ಅಂದರು. ದೂರದೃಷ್ಟಿ ಅಂದರೆ ಇದು.

ಇಷ್ಟಾದರೂ ಇವನ ನಿಜವಾದ ಪಾಂಡಿತ್ಯ ಕಾಣುವುದು ಫ್ಲೆಕ್ಸಿನಲ್ಲಿ. ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಯ ದೊಡ್ಡ ರಥೋತ್ಸವ ಬಂತೆಂದರೆ ಡಿಟಿಪಿ ಅಂಗಡಿಯಲ್ಲೇ ಇವನ ವಾಸ. ಫ್ಲೆಕ್ಸಿನ ನೆತ್ತಿಯ ಮೇಲೆ ಸ್ವಾಮಿ, ಅದರ ಕೆಳಗೆ ದುಂಡನೆಯ ಚೌಕಟ್ಟುಗಳಲ್ಲಿ ಬೆಂಗಳೂರಿನ ನಾಯಕರು, ನಡುವೆ ಆಳೆತ್ತರದ ಅಣ್ಣ, ಬಿಳಿ ಪಂಚೆ, ಮುಗಿದ ಕೈ. ಸ್ವಾಮಿಗಿಂತ ಅಣ್ಣ ದೊಡ್ಡದಾಗಿ ಕಾಣುತ್ತಾರಲ್ಲ ಎಂದು ಯಾರೂ ಕೇಳುವುದಿಲ್ಲ. ಕಷ್ಟವಿರುವುದು ಬುಡದಲ್ಲಿ, ಅಲ್ಲಿ ಸಾಲಾಗಿ ಕೂರುವ ತಲೆಗಳಲ್ಲಿ. ತಲೆಗೆ ಐನೂರು. ಸಾವಿರ ಕೊಟ್ಟವರ ತಲೆ ಒಂದು ಸುತ್ತು ದೊಡ್ಡದು, ಬೇಕಿದ್ದರೆ ಕೂಲಿಂಗ್ ಗ್ಲಾಸ್ ಸಮೇತ. ಯಾರ ಪಕ್ಕ ಯಾರು ಕೂರಬಾರದು ಎಂಬುದು ಇವನಿಗೆ ಬಾಯಿಪಾಠ. ಪರೀಕ್ಷೆಗೆ ಇಷ್ಟು ಓದಿದ್ದರೆ ರ‍್ಯಾಂಕ್ ಬರುತ್ತಿತ್ತು. ಒಬ್ಬರು ಫೋಟೋ ಇಲ್ಲವೆಂದು ಮದುವೆ ಆಲ್ಬಮ್ಮನ್ನೇ ಕಳಿಸಿದರು. ಪಕ್ಕದಲ್ಲಿದ್ದ ಹೆಂಡತಿಯನ್ನು ಇವನು ಜೋಪಾನವಾಗಿ ಅಳಿಸಿದ. ಹೆಗಲ ಮೇಲಿದ್ದ ಕೈ ಮಾತ್ರ ಉಳಿದುಬಿಟ್ಟಿತು. ಬಳೆ ತೊಟ್ಟ ಆ ಕೈ ಪಕ್ಕದ ಪಂಚಾಯಿತಿ ಸದಸ್ಯರದ್ದೆಂಬಂತೆ ಜಾತ್ರೆ ಮುಗಿಯುವವರೆಗೂ ಹೈವೇ ಪಕ್ಕ ತೂಗಾಡಿತು.

ಜಾತ್ರೆಯಲ್ಲಿ ತೇರಿನ ಮುಕ್ತಿ ಬಾವುಟ ಲಕ್ಷಗಟ್ಟಲೆಗೆ ಹರಾಜಾಗುತ್ತದೆ. ಸಂಬಳ ಕೇಳಿದಾಗ ಮಾತ್ರ ಅಣ್ಣ ಸ್ವಾಮಿಯ 'ಮಾಡಿದಷ್ಟು ನೀಡು ಭಿಕ್ಷೆ' ಎಂಬ ಮಾತನ್ನೇ ಹೇಳಿ, ಎರಡು ನೂರರ ನೋಟು ಕೈಗಿಟ್ಟು, "ಉಳಿದದ್ದು ಅಡ್ಜಸ್ಟ್ ಮಾಡ್ಕೋ ತಮ್ಮಾ" ಅನ್ನುತ್ತಾರೆ.

ಅಡ್ಜಸ್ಟ್ ಆಗುವುದು ಮೊಳಕಾಲ್ಮುರಿನಲ್ಲಿ. ಭಾನುವಾರ ಅಲ್ಲಿನ ಒಂದು ರೇಷ್ಮೆ ಸೀರೆ ಅಂಗಡಿಗೆ ರೀಲ್ಸ್ ಮಾಡಿಕೊಡುತ್ತಾನೆ. ಬಸ್ಸು ತಳುಕಿನ ಮೇಲೆ ಹಾಯುತ್ತದೆ. ಕುವೆಂಪು ತಮ್ಮ ರಾಮಾಯಣವನ್ನೇ ಅರ್ಪಿಸಿದ ಗುರು ಟಿ.ಎಸ್. ವೆಂಕಣ್ಣಯ್ಯನವರ ಊರು ಅದು. ನಮ್ಮ ಹುಡುಗ ಆ ಊರು ದಾಟುವಾಗ ತಲೆ ತಗ್ಗಿಸಿಯೇ ಇರುತ್ತಾನೆ. ಭಕ್ತಿಯಿಂದಲ್ಲ, ಯಾರದೋ ಹುಟ್ಟುಹಬ್ಬಕ್ಕೆ ಶುಭಾಶಯ ಟೈಪ್ ಮಾಡುತ್ತಾ.

ಅಂಗಡಿಯ ಹಿಂದೆ ಮಗ್ಗ. ನೇಯುವ ಹಿರಿಯರಿಗೆ "ಸ್ವಲ್ಪ ಈ ಕಡೆ ನೋಡಿ ನಗ್ರಿ ಮಾವಾ" ಅನ್ನುತ್ತಾನೆ. "ನಿನ್ ಕಡೆ ನೋಡಿದ್ರೆ ಎಳೆ ತಪ್ತದೆ ಕಣಪ್ಪ" ಎಂದು ಅವರು ತಲೆ ಎತ್ತದೆ ಲಾಳಿ ಹೊಡೆಯುತ್ತಾರೆ. ಅವರು ದಿನಗಟ್ಟಲೆ ನೇಯ್ದ ಸೆರಗನ್ನು ಇವನು ಮೂವತ್ತು ಸೆಕೆಂಡಿನಲ್ಲಿ ಸಿನಿಮಾ ಹಾಡಿಗೆ ಕುಣಿಸುತ್ತಾನೆ.

ಎರಡು ದೋಣಿಯಲ್ಲಿ ಕಾಲಿಟ್ಟವನು ಒಮ್ಮೆ ಜಾರಲೇಬೇಕು. ಮರಳುವ ಬಸ್ಸಿನ ನಿದ್ದೆಗಣ್ಣಿನಲ್ಲಿ ಸೀರೆಯ ಒಕ್ಕಣೆ ಅಣ್ಣನ ಫೋಟೋದ ಕೆಳಗೆ ಹೋಯಿತು: 'ಅಪ್ಪಟ ಮೊಳಕಾಲ್ಮುರು. ಎಷ್ಟು ಒಗೆದರೂ ಬಣ್ಣ ಬಿಡುವುದಿಲ್ಲ.' ಮೂರು ಪಕ್ಷ ಸುತ್ತಿ ಬಂದ ಅಣ್ಣನಿಗೆ ಅವತ್ತು ಬಂದಷ್ಟು ಲೈಕು ಹಿಂದೆಂದೂ ಬಂದಿರಲಿಲ್ಲ. ಎದುರು ಪಾರ್ಟಿಯವರೇ ಹೆಚ್ಚು ಒತ್ತಿದ್ದರು. ಅಣ್ಣ ಖುಷಿಯಾಗಿ, "ಇದನ್ನೇ ಮುಂದಿನ ಫ್ಲೆಕ್ಸಿಗೂ ಹಾಕು" ಅಂದರು.

ಹಾಜರಿ ಶೇಕಡಾ 75 ಮುಟ್ಟದಿದ್ದರೆ ಪರೀಕ್ಷೆಗೆ ಕೂರುವ ಹಾಗಿಲ್ಲ. ಹಾಗಾಗಿ ಇವನು ಒಂದು ದಿನ ಮೇಷ್ಟರ ಜೊತೆ ಬ್ರಹ್ಮಗಿರಿಗೆ ಪ್ರವಾಸ ಹೋಗಲೇಬೇಕಾಯಿತು. ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಬೆಟ್ಟ, ಈ ಮೂರೂ ಕಡೆ ಅಶೋಕನ ಬಂಡೆ ಶಾಸನಗಳಿವೆ. 1892ರಲ್ಲಿ ಬಿ.ಎಲ್. ರೈಸ್ ಪತ್ತೆ ಮಾಡಿದವು. ಮೇಷ್ಟರು ಸಾಲು ಸಾಲಾಗಿ ಅರ್ಥ ಹೇಳುತ್ತಿದ್ದರೆ, ಯಾವ ಕ್ಲಾಸಿನಲ್ಲೂ ಬಾಯಿಬಿಡದ ಮೀಡಿಯಾ ಮೊಬೈಲ್ ಜೇಬಿಗಿಟ್ಟು ಮುಂದೆ ಬಂದು ನಿಂತ. ಶಾಸನ ಶುರುವಾಗುವುದು ಹೀಗೆ: ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರನ ಕಡೆಯಿಂದ ಇಸಿಲದ ಮಹಾಮಾತ್ರರಿಗೆ, ಆರೋಗ್ಯ ವಿಚಾರಿಸಿ, ದೇವಾನಾಂಪ್ರಿಯ ಅಶೋಕನ ಮಾತು. ಮೇಲಿನಿಂದ ಬಂದದ್ದನ್ನು ಕೆಳಗೆ ಫಾರ್ವರ್ಡ್ ಮಾಡಿದ್ದಾರೆ, ಕೆಲಸ ತನ್ನದೇ.

ಆಮೇಲೆ ರಾಜ ಹೇಳುತ್ತಾನೆ: ನಾನು ಉಪಾಸಕನಾಗಿ ಎರಡೂವರೆ ವರ್ಷ ದಾಟಿತು, ಆದರೆ ಅದರಲ್ಲಿ ಒಂದು ವರ್ಷ ಅಷ್ಟೇನೂ ಶ್ರಮ ಪಡಲಿಲ್ಲ. ಮೀಡಿಯಾಗೆ ದಿಗಿಲಾಯಿತು. "ಸಾರ್, ಇದನ್ನ ಹಂಗೇ ಕೆತ್ತಿಬಿಟ್ಟಿದಾರಲ್ಲ! ಎಡಿಟ್ ಮಾಡೋರು ಯಾರೂ ಇರ್ಲಿಲ್ವಾ?"

ಇದ್ದವನು ಚಪಡ, ಲಿಪಿಕಾರ. ಶಾಸನದ ಕೊನೆಯಲ್ಲಿ, ಬರೆದವನು ಚಪಡ ಎಂದು ಹೆಸರು ಹಾಕಿಕೊಂಡಿದ್ದಾನೆ. ಉಳಿದದ್ದೆಲ್ಲ ಬ್ರಾಹ್ಮಿಯಲ್ಲಿ. 'ಲಿಪಿಕಾರ' ಎಂಬ ತನ್ನ ಹುದ್ದೆಯನ್ನು ಮಾತ್ರ ಬಲದಿಂದ ಎಡಕ್ಕೆ ಓದುವ ಖರೋಷ್ಠಿಯಲ್ಲಿ ಬರೆದಿದ್ದಾನೆ. ಅದು ದೇಶದ ವಾಯವ್ಯ ಗಡಿಯ ಲಿಪಿ. ಈ ಸೀಮೆಯಲ್ಲಿ ಓದುವವರು ಯಾರಿದ್ದರೋ. ಸಾಮ್ರಾಟನ ಖರ್ಚಿನಲ್ಲಿ, ಸಾಮ್ರಾಟನ ಬಂಡೆಯ ಮೇಲೆ, ಎರಡು ಸಾವಿರದ ಇನ್ನೂರು ವರ್ಷಕ್ಕೂ ಮೇಲ್ಪಟ್ಟು ಬಾಳಿದ ಬೈಲೈನ್! ಇವನು ಇಷ್ಟು ವರದಿ ಬರೆದರೂ ಒಂದರ ಕೆಳಗೂ ಇವನ ಹೆಸರು ಬಂದಿರಲಿಲ್ಲ.

ಮುಂದಿನ ಫ್ಲೆಕ್ಸಿನಲ್ಲಿ, ಅಣ್ಣನ ಪಂಚೆಯ ಅಂಚಿನ ಪಕ್ಕ, ಇರುವೆ ಗಾತ್ರದ ಅಕ್ಷರದಲ್ಲಿ 'ಬರಹ' ಎಂದು ಹಾಕಿ ಮುಂದೆ ತನ್ನ ಹೆಸರು ಸೇರಿಸಿದ. ಪ್ರಿಂಟಾಗಿ ಬಂದದ್ದನ್ನು ಅಂಗಳದಲ್ಲಿ ಹಾಸಿ ಅಣ್ಣ ಕನ್ನಡಕ ಏರಿಸಿ, ಬಗ್ಗಿ ತಲೆಗಳನ್ನು ಎಣಿಸಿದರು. ಕಣ್ಣು ಮೂಲೆಯಲ್ಲಿ ನಿಂತಿತು.

"ಇದ್ಯಾರೋ ಹೊಸಬ? ಎಷ್ಟು ಕೊಟ್ಟಿದಾನೆ?"

"ಅದು ನಂದೇ ಹೆಸರು ಅಣ್ಣಾ."

"ನಿಂದಾ!" ಅಣ್ಣ ಅವನನ್ನು ಮೇಲಿಂದ ಕೆಳಗೆ ನೋಡಿದರು. ಕೋಪವೇನೂ ಇರಲಿಲ್ಲ. "ಇರ್ಲಿ ಬಿಡು, ಫೋಟೋ ಹಾಕಿಲ್ವಲ್ಲ. ಬರೀ ಹೆಸರಿಗೆ ಇನ್ನೂರೈವತ್ತು ಹಿಡ್ಕೋತೀನಿ."